ಬುಡ ಅಗೆದ ತೋಟಗಾರ (ಲೂಕ 13:1-9)

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಂದಿರುವ ದೇವಜನರೇ, ಒಂದು ಸಾರಿ ಎಲ್ಲರೂ ಹಲ್ಲೆಲೂಯಾ ಹೇಳೋಣ. ಹಲ್ಲೆಲೂಯಾ!

ಈಗ ಓದಿದ ಭಾಗದಲ್ಲಿ ಒಂದು ದ್ರಾಕ್ಷಿತೋಟ ಇದೆ, ತೋಟದೊಳಗೆ ಒಂದು ಅಂಜೂರದ ಮರ ಇದೆ. ಯಜಮಾನ ಮೂರು ವರ್ಷದಿಂದ ಬಂದು ನೋಡ್ತಾನೆ, ಹಣ್ಣಿಲ್ಲ. ಕಡಿದು ಹಾಕು ಅಂತಾನೆ. ತೋಟಗಾರ ಏನು ಮಾಡಿದ? ಮರಕ್ಕೆ ಬೈದನಾ? ಇಲ್ಲ. ಇನ್ನೊಂದು ವರ್ಷ ಕಾಲ ಕೇಳಿದ. ಬುಡ ಅಗೆದು ಗೊಬ್ಬರ ಹಾಕ್ತೀನಿ ಅಂದ. ಅದರ ಹಿಂದಿನ ವಚನಗಳನ್ನೂ ಬಿಡಬೇಡಿ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸು ಕೇಳಿ, ಅಲ್ಲ ಅಂತ ತಾನೇ ಉತ್ತರ ಕೊಟ್ಟ.

ಇದನ್ನ ನಾನು ಎಷ್ಟೋ ಸಾರಿ ಬೋಧಿಸಿದ್ದೀನಿ. ಆದರೂ ತಪ್ಪಿದೆ. ಇವತ್ತು ಅದನ್ನೇ ಹೇಳಬೇಕು.

2023ರ ಬರ ನಿಮಗೆ ಮರೆತಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಚನ್ನರಾಯಪಟ್ಟಣದ ಕಡೆ ನಮ್ಮ ಸಹೋದರರೊಬ್ಬರ ತೆಂಗಿನ ತೋಟ ಒಣಗ್ತಾ ಬಂತು. ಬೋರ್‌ವೆಲ್ ನಿಂತುಹೋಯ್ತು. ಅವರು ಪ್ರಾರ್ಥನೆಗೆ ಕರೆದರು, ಹೋದೆ. ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, ಆಮೇಲೆ ಅವರ ಹೆಂಡತಿ ಮಕ್ಕಳ ಮುಂದೆನೇ ಕೇಳ್ದೆ: "ಅಣ್ಣ, ಮನೆಯಲ್ಲಿ ಮುಚ್ಚಿಟ್ಟ ಪಾಪ ಏನಾದ್ರೂ ಇದೆಯಾ?" ಅವರು ಏನೂ ಹೇಳಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಮುಂದಿನ ಭಾನುವಾರದಿಂದ ಸಭೆಗೆ ಬರಲಿಲ್ಲ. ನಾನೂ ಸುಮ್ಮನಿದ್ದೆ, ವಚನ ಚುಚ್ಚಿರಬೇಕು ಅಂದುಕೊಂಡು. (ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ.)

ಆಮೇಲೆ ಕೂಟಗಳಿಗೆ ಅಂತ ವಿಜಯಪುರಕ್ಕೆ ಹೋಗಿದ್ದೆ. ತಿಕೋಟಾ ಕಡೆಯ ಒಬ್ಬ ವಿಶ್ವಾಸಿ ತಮ್ಮ ದ್ರಾಕ್ಷಿತೋಟಕ್ಕೆ ಕರ್ಕೊಂಡು ಹೋದರು. ನಮ್ಮ ಕಡೆ ದ್ರಾಕ್ಷಿ ಅಂದ್ರೆ ಸಂತೆಯಲ್ಲಿ ನೋಡಿದ್ದೇ ಹೆಚ್ಚು, ಯೋಹಾನ 15 ಬೋಧಿಸೋ ನನಗೂ ಬಳ್ಳಿ ಗೊತ್ತಿರಲಿಲ್ಲ. ಅಲ್ಲಿ ವರ್ಷಕ್ಕೆ ಎರಡು ಸಾರಿ ಬಳ್ಳಿ ಸವರ್ತಾರೆ, ಚಾಟ್ನಿ ಅಂತಾರೆ. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸೋಕೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ಈಗ ಅಕ್ಟೋಬರ್ ಚಾಟ್ನಿ ಆದ ಮೇಲೂ ಮಳೆ ಹಿಡ್ಕೊಳ್ಳುತ್ತೆ. ಎಳೆ ಚಿಗುರಿಗೆ ಡೌನಿ ರೋಗ ಬರುತ್ತೆ, ಹೂಗೊಂಚಲು ಕೊಳೆತು ಹೋಗುತ್ತೆ. ಅದನ್ನು ದಾಟಿ ಬಂದ ಹಣ್ಣನ್ನ ಒಣದ್ರಾಕ್ಷಿ ಮಾಡೋಕೆ ಶೆಡ್‌ನಲ್ಲಿ ಹರವಿದಾಗ ಅಕಾಲಿಕ ಮಳೆ ಬಂದ್ರೆ ಅದೂ ಕಪ್ಪಾಗುತ್ತೆ.

ಆ ಅಣ್ಣ ಏನು ಮಾಡ್ತಿದ್ದಾರೆ ಅಂತ ಕೇಳಿ. ಇಡೀ ತೋಟವನ್ನು ಒಂದೇ ವಾರ ಚಾಟ್ನಿ ಮಾಡಲ್ಲ, ತುಂಡು ತುಂಡಾಗಿ ದಿನ ಬಿಟ್ಟು ಮಾಡ್ತಾರೆ, ಒಂದು ಮಳೆಗೆ ಎಲ್ಲಾ ಹೋಗಬಾರದು ಅಂತ. ಕೃಷಿ ಹೊಂಡ ತೋಡಿದ್ದಾರೆ. ಡ್ರಿಪ್ ಇದೆ, ಬುಡದಲ್ಲಿ ಕಬ್ಬಿನ ರವದಿ ದಪ್ಪವಾಗಿ ಹಾಸಿದ್ದಾರೆ, ಕೈ ಹಾಕಿದ್ರೆ ಒಳಗೆ ತಣ್ಣಗಿದೆ. ಸಾಲುಗಳ ಮಧ್ಯೆ ಸೆಣಬು ಬಿತ್ತಿ ಮಣ್ಣಿಗೇ ಸೇರಿಸ್ತಾರೆ. ಸವರಿದ ಕಡ್ಡಿಯನ್ನೂ ಚೂರು ಮಾಡಿ ಅಲ್ಲೇ ಹಾಕ್ತಾರೆ. "ಯೋಹಾನ 15ರಲ್ಲಿ ಅದು ಬೆಂಕಿಗೆ ಹೋಗುತ್ತಲ್ಲ" ಅಂದೆ. ನಕ್ಕರು. "ರೋಗ ಬಂದದ್ದು ಅಷ್ಟೇ ಬೆಂಕಿಗೆ ಪಾಸ್ಟರ್, ಉಳಿದದ್ದು ಮಣ್ಣಿಗೆ ಬೇಕ್ರಿ" ಅಂದರು.

ಬೇರಿನ ವಿಷಯ ಕೇಳಿ ನನಗೆ ಇನ್ನೂ ಆಶ್ಚರ್ಯ. ಮೇಲಿನ ಬಳ್ಳಿ ಥಾಮ್ಸನ್, ಕೆಳಗಿನ ಬೇರು ಡಾಗ್ರಿಜ್ ಅನ್ನೋ ಅಮೆರಿಕದ ಒರಟು ಬಳ್ಳಿಯದು. ಬರ, ಉಪ್ಪುನೀರು ತಡೆಯುತ್ತೆ ಅಂತ ಅದರ ಮೇಲೆ ಕಸಿ ಕಟ್ಟಿದ್ದಾರೆ. 1860ರ ದಶಕದಿಂದ ಫ್ರಾನ್ಸ್ ದೇಶದಲ್ಲಿ ಬೇರು ತಿನ್ನೋ ಕೀಟ ಬಂದು ದ್ರಾಕ್ಷಿತೋಟಗಳೇ ನಾಶವಾದಾಗಲೂ ಉಳಿಸಿದ್ದು ಇಂಥ ಅಮೆರಿಕದ ಬೇರುಗಳೇ. ರೋಮಾಪುರದವರಿಗೆ ಪೌಲ ಕಸಿಯ ಮಾತು ಬರೆದಿದ್ದಾನಲ್ಲ, ಅದು ಇನ್ನೊಂದು ದಿನಕ್ಕೆ ಇರಲಿ.

ಹೊರಡುವಾಗ ಕೇಳಿದೆ, "ಮಳೆಗಾಗಿ ಪ್ರಾರ್ಥನೆ ಮಾಡ್ತೀರಾ?" "ದಿನಾ ಮಾಡ್ತೀನ್ರಿ. ಯಾವಾಗ ಬರ್ತದ ಅಂತ ನಾ ಹೇಳಾಂಗಿಲ್ಲ. ಬಂದ ನೀರು ಹರಿದು ಹೋಗಬಾರದು, ಅದು ನನ್ನ ಕೆಲಸ" ಅಂದರು.

ರೈಲಿನಲ್ಲಿ ನಿದ್ದೆ ಬರಲಿಲ್ಲ, ಪ್ರಿಯರೇ. ಲೂಕ 13ರಲ್ಲಿ ನಾನು ತೋಟಗಾರನ ಪಕ್ಕ ನಿಂತಿದ್ದೀನಿ ಅಂದುಕೊಂಡಿದ್ದೆ. ನಾನು ನಿಂತಿದ್ದು ಕೊಡಲಿಯ ಪಕ್ಕ.

ಊರಿಗೆ ಬಂದು ಆ ಸಹೋದರನ ಮನೆಗೆ ಹೋದೆ. ಹೆಂಡತಿ ಮಕ್ಕಳ ಮುಂದೆನೇ ಕ್ಷಮೆ ಕೇಳ್ದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಸ್ಟರ್, ಆ ರಾತ್ರಿಯೆಲ್ಲಾ ಕೂತು ಯಾವ ಪಾಪ ಅಂತ ಹುಡುಕಿದೆ" ಅಂದರು. ಸಭೆಯವರೇ, ಬೆಳೆ ಕಳ್ಕೊಂಡವನಿಗೆ ಇಂಥ ರಾತ್ರಿ ಕೊಟ್ಟವನು ನಾನು.

ಕೆಲವರ ಮನಸ್ಸಲ್ಲಿ ಒಂದು ಪ್ರಶ್ನೆ ಇದೆ, ಗೊತ್ತು. ಕರ್ತನ ಬರೋಣ ಹತ್ತಿರ ಇದೆ, ಈ ಭೂಮಿ ಹೇಗೂ ಅಳಿದು ಹೋಗುತ್ತೆ, ಮಣ್ಣಿನ ಚಿಂತೆ ಯಾಕೆ ಅಂತ. ಹಾಗಾದ್ರೆ ಮಕ್ಕಳಿಗೆ ಸ್ಕೂಲ್ ಫೀಸು ಯಾಕೆ ಕಟ್ತೀರಿ? ಮನೆಗೆ ಸುಣ್ಣ ಯಾಕೆ ಹೊಡೀತೀರಿ? ಆದಿಕಾಂಡ 2:15ರಲ್ಲಿ ದೇವರು ಮನುಷ್ಯನಿಗೆ ತೋಟ ಕೊಟ್ಟಾಗ ಎರಡು ಕೆಲಸ ಕೊಟ್ಟ, ವ್ಯವಸಾಯ ಮಾಡೋದು, ಕಾಯೋದು. ಮೊದಲನೆಯದು ನಮಗೆ ಚೆನ್ನಾಗಿ ನೆನಪಿದೆ. ಎರಡನೆಯದು ಮರೆತಿದ್ದೀವಿ. ಯಾಜಕಕಾಂಡ 25ರಲ್ಲಿ ಏಳನೇ ವರ್ಷ ದ್ರಾಕ್ಷಿತೋಟವನ್ನು ಸವರಬೇಡಿ, ಭೂಮಿಗೂ ಸಬ್ಬತ್ ಇದೆ ಅಂತಾನೆ. ನಾವು ಒಂದು ಬೇಸಿಗೆಯಾದ್ರೂ ಮಣ್ಣನ್ನ ಬೆತ್ತಲೆ ಬಿಡದೆ ಇದ್ದೀವಾ? (ಅರಕಲಗೂಡಿನವರು ಹೊಗೆಸೊಪ್ಪಿನ ಮಾತು ಬರುತ್ತೆ ಅಂತ ತಲೆ ತಗ್ಗಿಸ್ತಿದ್ದೀರಿ. ಇವತ್ತಲ್ಲ.)

ತೆಂಗಿನಲ್ಲಿ ಹೊಂಬಾಳೆ ಒಳಗೆ ಮೂಡಿದಾಗಿನಿಂದ ಕಾಯಿ ಬಲಿಯೋಕೆ ಮೂರು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ಒಂದು ವರ್ಷದ ಬರದ ಪೆಟ್ಟು ಆಮೇಲಿನ ವರ್ಷಗಳಲ್ಲೂ ಕಾಣುತ್ತೆ. ಆ ಸಹೋದರ ತೋಟ ಮಾರಿಬಿಡೋಣ ಅಂತ ಇದ್ದರು. ಈಗ ಇನ್ನೊಂದು ವರ್ಷ ನೋಡ್ತೀನಿ ಅಂದಿದ್ದಾರೆ. ಗರಿ ಸುಡೋದು ನಿಲ್ಲಿಸಿದ್ದಾರೆ. ಪಾತಿಗೆ ಮಟ್ಟೆ ಹೂಳಬೇಕು, ಇಳಿಜಾರಿಗೆ ಅಡ್ಡ ಬದು ಹಾಕಬೇಕು, ಮಧ್ಯೆ ಹುರುಳಿ, ಅಲಸಂದೆ ಚೆಲ್ಲಬೇಕು. ಆಳು ಸಿಗಲ್ಲ, ಕೂಲಿ ಕೊಡೋ ಶಕ್ತಿಯೂ ಅವರಿಗೆ ಈಗ ಇಲ್ಲ.

ಬುಧವಾರ ಎಂದಿನಂತೆ ಉಪವಾಸ ಪ್ರಾರ್ಥನೆ. ಗುರುವಾರ ಬೆಳಗ್ಗೆ ಏಳು ಗಂಟೆಗೆ ಅವರ ತೋಟದಲ್ಲಿ ಸೇರ್ತೀವಿ. ಗುದ್ದಲಿ, ಹಾರೆ, ಮಂಕರಿ ಇದ್ದವರು ತನ್ನಿ. ಯೌವನಸ್ಥರು ತಪ್ಪಿಸಬೇಡಿ. ಊಟಕ್ಕೆ ಅಕ್ಕಂದಿರು ಮುದ್ದೆ, ಹುರುಳಿಕಾಳು ಸಾರು ಮಾಡ್ತೀವಿ ಅಂದಿದ್ದಾರೆ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನೊಂದವನ ಮೇಲೆ ನಾನು ಹಾಕಿದ ಭಾರವನ್ನು ನೀನೇ ತೆಗೆದುಹಾಕು. ಈ ನಾಲ್ಕು ಊರುಗಳ ಹೊಲ ತೋಟಗಳ ಮೇಲೆ ಸಕಾಲದ ಮಳೆ ಕೊಡು. ಗುರುವಾರ ನಮ್ಮ ಕೈಗಳಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.