ದೋಷ ಕೂತಿರುವ ಜಾಗ

ಯಾದಗಿರಿಯ ಬೇಸಿಗೆಗೆ ಹೆದರಿ ಹಳೆಯ ಅಂಬಾಸಿಡರ್ ಒಂದಕ್ಕೆ ಎಸಿ ಕೂಡಿಸುತ್ತಾರೆ ಎಂದುಕೊಳ್ಳೋಣ. ಗಾಡಿ ಕಾರ್ಖಾನೆಯಿಂದ ಹೊರಬಿದ್ದಾಗ ಅದಕ್ಕೆ ಎಸಿ ಇರಲಿಲ್ಲ. ಹೀಗಾಗಿ ಕಂಪ್ರೆಸರ್, ಅದನ್ನು ಹೊರುವ ಬ್ರಾಕೆಟ್, ಕ್ರ್ಯಾಂಕಿಗೆ ಎರಡು ಗ್ರೂವಿನ ಪುಲ್ಲಿ, ಬೆಲ್ಟನ್ನು ಬಿಗಿ ಹಿಡಿಯುವ ಐಡ್ಲರ್, ಹೊಸ ಬೆಲ್ಟ್ ಎಲ್ಲವೂ ಹೊರಗಿನಿಂದ ಬರಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಅದೇ ವರ್ಷ ಮಾರುತಿ 800 ಕೂಡ ನಿಂತಿತು. ಶಹಾಪುರ, ಸುರಪುರದ ಕಡೆ ಇನ್ನೂ ಓಡುವ ಇಂಥ ಗಾಡಿಗಳು ಉಸಿರು ಹಿಡಿದಿರುವುದೇ ಹೊರಗಿನ ಸಾಮಾನಿನಿಂದ. ಕಿಟ್ ಜೋಡಿಸಿ ಎಂಜಿನ್ ಚಾಲೂ ಮಾಡಿದರೆ ಬೆಲ್ಟ್ ಚೀಂವ್ ಚೀಂವ್ ಎನ್ನುತ್ತದೆ, ಕೆಲವೇ ದಿನಗಳಲ್ಲಿ ಅದರ ಅಂಚಿನ ನೂಲು ಬಿಚ್ಚಿಕೊಳ್ಳುತ್ತದೆ. ಕಿಟ್ ಡುಪ್ಲಿಕೇಟ್ ಎನ್ನುತ್ತಾನೆ ಮಿಸ್ತ್ರಿ. ಮಿಸ್ತ್ರಿಗೆ ಕೆಲಸ ಬರುವುದಿಲ್ಲ ಎನ್ನುತ್ತಾನೆ ಅಂಗಡಿಯವನು. ಮುದಿ ಎಂಜಿನ್ನಿನ ಹಣೆಬರಹ ಎನ್ನುತ್ತಾನೆ ಗಾಡಿಯ ಧಣಿ. ಮೂವರ ಜಗಳದ ತಳದಲ್ಲಿ ಇರುವುದು ಒಂದೇ ನಂಬಿಕೆ: ದೋಷವೆಂದ ಮೇಲೆ ಅದು ಯಾವುದೋ ಒಂದು ವಸ್ತುವಿನೊಳಗೋ ಒಬ್ಬ ಮನುಷ್ಯನೊಳಗೋ ಕೂತಿರಲೇಬೇಕು. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಗ್ಯಾರೇಜಿನ ಮಟ್ಟಿಗೆ ಇದು ಒಂದು ಬೆಲ್ಟಿನ ಖರ್ಚಿನ ವಿಷಯ. ಆದರೆ ಕರ್ಮ, ಹಣೆಬರಹ, ಕಾಲ್ಗುಣ ಎಂದು ನಾವು ದಿನಬೆಳಗಾದರೆ ಆಡುವ ಮಾತುಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿರುವುದರಿಂದ ಇದನ್ನು ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು.

ಮೊದಲು ಸಾಕ್ಷಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವನು ಮಾಡುವ ಮೊದಲ ಕೆಲಸ ಬೆಲ್ಟನ್ನೇ ಬಿಚ್ಚಿ ಎಂಜಿನ್ನನ್ನು ಅರೆಕ್ಷಣ ಓಡಿಸುವುದು. ವಾಟರ್ ಪಂಪು ಆ ಬೆಲ್ಟಿನ ಮೇಲೆಯೇ ತಿರುಗುವುದಿದ್ದರೆ ಹೆಚ್ಚು ಹೊತ್ತು ಓಡಿಸುವಂತಿಲ್ಲ. ಬೆಲ್ಟ್ ಇದ್ದಾಗ ಸದ್ದು ಇದೆ, ಇಲ್ಲದಾಗ ಇಲ್ಲ. ನಮ್ಮ ತರ್ಕಶಾಸ್ತ್ರ ಅನ್ವಯ ವ್ಯತಿರೇಕ ಎಂದು ಕರೆದದ್ದು ಇದನ್ನೇ. ಇಷ್ಟರಿಂದ ಬೆಲ್ಟೇ ಕಳ್ಳ ಎಂದು ತೀರ್ಮಾನಿಸುವವನು ಅವಸರದವನು. ಜಾಣ ಮಿಸ್ತ್ರಿ ಓಡುವ ಬೆಲ್ಟಿನ ಒಳಮೈಗೆ ಒಂದಿಷ್ಟು ನೀರು ಚಿಮುಕಿಸುತ್ತಾನೆ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ಅಡಗಿ, ನೀರು ಆರಿದ ಮೇಲೆ ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಆಮೇಲೆ ನೆಟ್ಟಗಿರುವ ಕಬ್ಬಿಣದ ಪಟ್ಟಿಯೊಂದನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಆನಿಸಿ ಕಂಪ್ರೆಸರ್ ಪುಲ್ಲಿಯವರೆಗೆ ಚಾಚುತ್ತಾನೆ. ಸುಮಾರು ಮೂವತ್ತು ಸೆಂಟಿಮೀಟರ್ ಅಂತರಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಓರೆ ಇದ್ದರೆ ರಿಬ್ ಬೆಲ್ಟ್ ತಾಳುವುದಿಲ್ಲ ಎಂಬುದು ಕಸುಬಿನ ರೂಢಿಯ ಲೆಕ್ಕ. ಹಳೆಯ ವಿ ಬೆಲ್ಟ್ ಸ್ವಲ್ಪ ಹೆಚ್ಚು ಸಹಿಸಿಕೊಳ್ಳುತ್ತದೆ, ಅಷ್ಟೆ. ಈಗ ಒಂದೊಂದೇ ಸಾಮಾನನ್ನು ಬಿಚ್ಚಿ ಪರೀಕ್ಷಿಸಿ: ಬೇರಿಂಗ್ ಕೈಯಲ್ಲಿ ಸದ್ದಿಲ್ಲದೆ ತಿರುಗುತ್ತದೆ, ಪುಲ್ಲಿಯ ಗ್ರೂವು ಸರಿಯಾಗಿದೆ, ಬ್ರಾಕೆಟ್ ಬಾಗಿಲ್ಲ, ಬೆಲ್ಟ್ ಹೊಚ್ಚ ಹೊಸದು. ಇವುಗಳನ್ನೇ ಇನ್ನೊಂದು ಗಾಡಿಗೆ ಹಾಕಿದರೆ ಯಾವ ತಕರಾರೂ ಇಲ್ಲದೆ ಓಡಬಹುದು. ಬಿಡಿಬಿಡಿಯಾಗಿ ಎಲ್ಲವೂ ಪಾಸು, ಒಟ್ಟಾಗಿ ನಪಾಸು.

ಓರೆಯಲ್ಲದೆ ಅಳತೆಯ ವಿಷಯವೂ ಹೀಗೆಯೇ. ಕ್ರ್ಯಾಂಕ್ ಪುಲ್ಲಿಯ ವ್ಯಾಸ 15 ಸೆಂಟಿಮೀಟರ್, ಡೈನಮೋದ ಪುಲ್ಲಿಯದು 6 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ಒಂದು ಸುತ್ತು ತಿರುಗಿದರೆ ಡೈನಮೋ ಎರಡೂವರೆ ಸುತ್ತು. ಗಾಡಿ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ಓಡುವಾಗ ಡೈನಮೋ 2000 ಸುತ್ತು ತಿರುಗುತ್ತದೆ. ಎಂಜಿನ್ನಿಗೆ ಭಾರ ಕಡಿಮೆಯಾಗಲೆಂದು ಕಿಟ್ಟಿನಲ್ಲಿ 12 ಸೆಂಟಿಮೀಟರಿನ ಕ್ರ್ಯಾಂಕ್ ಪುಲ್ಲಿ ಕೊಟ್ಟಿದ್ದರೆ ಅದು 1600ಕ್ಕೆ ಇಳಿಯುತ್ತದೆ. ಹೈವೇ ಮೇಲೆ ಏನೂ ಗೊತ್ತಾಗುವುದಿಲ್ಲ. ಗಾಡಿ ಎಲ್ಲಾದರೂ ಗದ್ದಲದಲ್ಲಿ ಸಿಕ್ಕಿಕೊಂಡು, ಎಸಿಯೂ ಹೆಡ್‌ಲೈಟೂ ಒಟ್ಟಿಗೆ ಉರಿದರೆ ಬ್ಯಾಟರಿ ಇಳಿಯತೊಡಗುತ್ತದೆ, ನಿಧಾನಗೊಂಡ ಪಂಪಿನಿಂದ ಎಂಜಿನ್ ಕಾಯುತ್ತದೆ. ಪುಲ್ಲಿಯಲ್ಲಿ ದೋಷವಿದೆಯೇ? ಇಲ್ಲ, 12 ಸೆಂಟಿಮೀಟರಿನ ಒಳ್ಳೆಯ ಪುಲ್ಲಿ ಅದು. ಡೈನಮೋದಲ್ಲಿ? ಅದರಲ್ಲೂ ಇಲ್ಲ. ದೋಷ ಇರುವುದು 12ಕ್ಕೂ 6ಕ್ಕೂ ನಡುವಿನ ಲೆಕ್ಕದಲ್ಲಿ. ಇನ್ನೂ ಸೂಕ್ಷ್ಮವಾದದ್ದು ಡ್ಯಾಂಪರ್. ಅನೇಕ ಎಂಜಿನ್ನುಗಳ ಕ್ರ್ಯಾಂಕ್ ಪುಲ್ಲಿಯ ಒಳಗೂ ಹೊರಗೂ ಬೇರೆಬೇರೆ ಲೋಹದ ಬಳೆಗಳಿದ್ದು, ಅವುಗಳ ನಡುವೆ ರಬ್ಬರ್ ಇರುತ್ತದೆ. ಕ್ರ್ಯಾಂಕಿನ ತಿರುಚು ನಡುಕವನ್ನು ಅದು ನುಂಗಿಕೊಳ್ಳುತ್ತದೆ. ಅದರ ಬದಲು ಹೊಳೆಯುವ ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಕಣ್ಣಿಗೆ ಚಂದ, ತೂಕ ಹಗುರ. ನಡುಕಕ್ಕೆ ಮಾತ್ರ ಹೋಗಲು ದಾರಿಯಿಲ್ಲ. ಕೊನೆಗೊಂದು ದಿನ ಕ್ರ್ಯಾಂಕೇ ಬಿರುಕು ಬಿಡಬಹುದು. ಆಗ ಮುರಿದದ್ದು ಹಳೆಯ ಕ್ರ್ಯಾಂಕ್, ಹೊಸ ಪುಲ್ಲಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ಮುರಿದದ್ದನ್ನೇ ಅಪರಾಧಿ ಎನ್ನುವ ನಮ್ಮ ಅಭ್ಯಾಸ ಎಷ್ಟು ಕುರುಡು ಎಂಬುದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ಬಿಡಿಭಾಗಗಳಲ್ಲಿ ಹುಡುಕಿದರೂ ಸಿಗದ ಸಂಗತಿಯ ಬಗ್ಗೆ ಭಾರತೀಯ ತತ್ವಚಿಂತನೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಮಾತು ಬೌದ್ಧ ಗ್ರಂಥ ‘ಮಿಲಿಂದ ಪಞ್ಹ’ದ್ದು. ಗ್ರೀಕ್ ಮೂಲದ ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ರಥ ಎಂದರೆ ಅಚ್ಚೇ, ಗಾಲಿಯೇ, ನೊಗವೇ, ಲಗಾಮೇ? ಯಾವುದೂ ಅಲ್ಲ. ಎಲ್ಲವೂ ಸೇರಿದ್ದೇ? ಅದೂ ಅಲ್ಲ. ಹಾಗಾದರೆ ರಥ ಎಂಬುದು ಬಳಕೆಗಾಗಿ ಇಟ್ಟ ಹೆಸರು ಮಾತ್ರ, ಮನುಷ್ಯನೂ ಹಾಗೆಯೇ. ಈ ವಾದ ಯಾದಗಿರಿ ಸೀಮೆಗೆ ಪರದೇಶದ್ದೇನಲ್ಲ. ಭೀಮೆಯ ದಂಡೆಯ ಸನ್ನತಿ ಮತ್ತು ಕನಗನಹಳ್ಳಿ ಇಂದು ಕಲಬುರಗಿ ಜಿಲ್ಲೆಗೆ ಸೇರಿದ್ದರೂ ಶಹಾಪುರಕ್ಕೆ ಹತ್ತಿರದ ಊರುಗಳೇ. ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕಿದೆ. ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಮಾಳಿಗೆ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಒಂದು ಧರ್ಮದ ಸಾಮಾನನ್ನು ಇನ್ನೊಂದು ಧರ್ಮದ ಗುಡಿಗೆ ಕೂಡಿಸಿ ಶತಮಾನಗಳು ಕಳೆದಿದ್ದವು. ಆ ಜೋಡಣೆ ಕಿರುಚಿದ ಹಾಗೆ ಕಾಣುವುದಿಲ್ಲ. ನಾಗಸೇನನ ಮಾತನ್ನು ನಮ್ಮ ಬೆಲ್ಟಿಗೆ ಹಚ್ಚಿದರೆ ಏನಾಗುತ್ತದೆ? ದೋಷ ಪುಲ್ಲಿಯಲ್ಲೂ ಇಲ್ಲ, ಬ್ರಾಕೆಟ್ಟಿನಲ್ಲೂ ಇಲ್ಲ, ಬೆಲ್ಟಿನಲ್ಲೂ ಇಲ್ಲ. ಆದ್ದರಿಂದ ದೋಷವೂ ಬರೀ ಹೆಸರು ಎನ್ನಬೇಕಾಗುತ್ತದೆ. ಆದರೆ ಬರೀ ಹೆಸರು ಬೆಲ್ಟಿನ ಅಂಚನ್ನು ತಿನ್ನುವುದಿಲ್ಲ. ಎರಡು ಮಿಲಿಮೀಟರ್ ಓರೆ ತಿನ್ನುತ್ತದೆ. ಅದನ್ನು ಅಳೆಯಬಹುದು, ವಾಷರ್ ಕೊಟ್ಟು ತೆಗೆಯಬಹುದು, ತೆಗೆದರೆ ಸದ್ದು ನಿಲ್ಲುತ್ತದೆ. ಯಾವ ಭಾಗದಲ್ಲೂ ಇರದ ಸಂಗತಿಯೂ ಪೂರ್ತಿ ನಿಜವಾಗಿರಬಹುದು. ‘ಎಲ್ಲವೂ ಸೇರಿದ್ದೇ?’ ಎಂದು ನಾಗಸೇನ ಕೇಳಿದಾಗ ಭಾಗಗಳ ರಾಶಿಯನ್ನೂ ಭಾಗಗಳ ಜೋಡಣೆಯನ್ನೂ ಒಂದೇ ಎಂಬಂತೆ ದಾಟಿಬಿಟ್ಟ ಎಂದು ನನ್ನ ತಕರಾರು. ಇದು ಬುದ್ಧನ ಮೇಲಿನ ತಕರಾರಲ್ಲ. ಯಾವುದೂ ತಾನೇ ತಾನಾಗಿ ಹುಟ್ಟುವುದಿಲ್ಲ, ಇನ್ನೊಂದನ್ನು ಆಧರಿಸಿಯೇ ಹುಟ್ಟುತ್ತದೆ ಎಂಬ ಬುದ್ಧನ ಮಾತು ನನ್ನ ವಾದಕ್ಕೇ ಬಲ.

ನಾಗಸೇನನ ವಾದದ ಈ ಕೊರತೆಯನ್ನು ತುಂಬುವ ಉಪಕರಣ ನ್ಯಾಯ ವೈಶೇಷಿಕರ ಬಳಿ ಇದೆ. ಅವರು ಎಣಿಸುವ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಯೋಗವೂ ಒಂದು. ಬಣ್ಣ, ರುಚಿ ಮುಂತಾದವು ಒಂದು ವಸ್ತುವಿನಲ್ಲಿ ನೆಲೆಸುತ್ತವೆ. ಸಂಯೋಗ ಮಾತ್ರ ಎರಡರಲ್ಲೂ ಒಮ್ಮೆಗೇ ನೆಲೆಸುತ್ತದೆ, ಒಂದರಲ್ಲಿ ಅರ್ಧ ಇನ್ನೊಂದರಲ್ಲಿ ಅರ್ಧ ಎಂದು ಹಂಚಿಕೊಂಡಲ್ಲ. ಒಂದನ್ನು ತೆಗೆದರೆ ಪೂರ್ತಿ ಹೋಯಿತು. ಪುಲ್ಲಿಗಳ ಓರೆ ಈ ಜಾತಿಯದು. ಅದು ನಿಜವೂ ಹೌದು, ಯಾವ ಒಂದರದೂ ಅಲ್ಲ. ಇದೇ ಸೀಮೆಯ ಇನ್ನೊಬ್ಬ ಹಿರಿಯನೂ ಇಲ್ಲಿ ನೆನಪಾಗುತ್ತಾನೆ. ಸುರಪುರದ ಕಡೆಯ ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಹಾಸೂ ಹೊಕ್ಕೂ ಸಾಲು ತಪ್ಪಿದರೆ ಒಳ್ಳೆಯ ನೂಲೂ ಬಟ್ಟೆಯಾಗುವುದಿಲ್ಲ ಎಂದು ಕೈಯಿಂದಲೇ ಬಲ್ಲವನು. ತನ್ನ ಒಂದು ವಚನದಲ್ಲಿ ಅವನು ದೇಹವನ್ನು ಬಂಡಿಯಾಗಿ ಕಂಡು, ಶಿವಭಕ್ತರ ನುಡಿಯನ್ನು ಅದರ ಕಡೆಗೀಲು ಎನ್ನುತ್ತಾನೆ. ಕಡೆಗೀಲು ಸಣ್ಣ ಕಬ್ಬಿಣದ ತುಂಡು. ಅದು ಎಳೆಯುವುದಿಲ್ಲ, ಉರುಳುವುದಿಲ್ಲ, ಭಾರ ಹೊರುವುದಿಲ್ಲ. ಗಾಲಿಯೂ ಅಚ್ಚೂ ಒಂದನ್ನೊಂದು ಬಿಟ್ಟುಹೋಗದಂತೆ ನೋಡಿಕೊಳ್ಳುತ್ತದೆ, ಅದೊಂದೇ ಅದರ ಕೆಲಸ. ನಾಗಸೇನ ಎಣಿಸಿದ ರಥದ ಭಾಗಗಳಲ್ಲಿ ಕಡೆಗೀಲು ಇಲ್ಲ ಎಂಬುದನ್ನು ಗಮನಿಸಬೇಕು. ಇಬ್ಬರೂ ಬಂಡಿಯನ್ನೇ ಬಿಚ್ಚಿದರು. ರಾಜನ ಎದುರು ಕೂತ ಭಿಕ್ಷುವಿಗೆ ಭಾಗಗಳು ಕಂಡವು, ಮಗ್ಗದ ಮುಂದೆ ಕೂತವನಿಗೆ ಅವುಗಳನ್ನು ಹಿಡಿದಿಟ್ಟದ್ದು ಕಂಡಿತು. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರರು ವಿಶ್ವಕರ್ಮ ಮನೆತನದಿಂದ ಬಂದವರು, ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಸಂತರು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ, ಈ ನೆಲದಲ್ಲಿ ಕೂಡಿಸುವ ಕಸುಬಿನವರ ಅಧ್ಯಾತ್ಮಕ್ಕೆ ತನ್ನದೇ ಒಂದು ದಾರಿ ಇದೆ ಅನ್ನಿಸುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಎಷ್ಟೋ ಸಲ ಸಾಮಾನೇ ಕೆಟ್ಟಿರುತ್ತದಲ್ಲ ಎನ್ನಬಹುದು. ಹೌದು, ಬೇರಿಂಗ್ ಜಾಮ್ ಆಗಿದ್ದರೆ ಅದು ಬೇರಿಂಗಿನ ದೋಷ. ಹೊರ ಬಳೆ ಓಲಾಡುವ ಪುಲ್ಲಿ ಯಾವ ಗಾಡಿಗೆ ಹಾಕಿದರೂ ಓಲಾಡುತ್ತದೆ. ಎಲ್ಲ ದೋಷವೂ ಜೋಡಣೆಯದೇ ಎಂದು ನಾನು ಹೇಳುತ್ತಿಲ್ಲ. ಎಲ್ಲ ದೋಷವೂ ವಸ್ತುವಿನದೇ ಎಂಬುದನ್ನು ಮುರಿಯಲು ಜೋಡಣೆಯ ಒಂದೇ ಒಂದು ದೋಷ ಸಾಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಓರೆ ಎಂದರೆ ಏನು, ಈ ಪುಲ್ಲಿ ಇಲ್ಲಿದೆ, ಆ ಪುಲ್ಲಿ ಅಲ್ಲಿದೆ, ಅಷ್ಟೇ ತಾನೆ? ಎರಡು ವಸ್ತುಗಳ ಸ್ಥಾನ ಹೇಳಿದ ಮೇಲೆ ಜೋಡಣೆ ಎಂಬ ಮೂರನೆಯದನ್ನು ಏಕೆ ತರಬೇಕು? ಇದಕ್ಕೆ ಉತ್ತರ ಬ್ರಾಕೆಟ್ಟಿನಲ್ಲಿದೆ. ತೆಳು ತಗಡಿನ ಬ್ರಾಕೆಟ್ ಇರುವ ಕಿಟ್ಟಿನಲ್ಲಿ ಎಂಜಿನ್ ನಿಂತಿದ್ದಾಗ ಪಟ್ಟಿ ಇಟ್ಟರೆ ಸಾಲು ನೆಟ್ಟಗಿರುತ್ತದೆ. ಕಂಪ್ರೆಸರ್ ಕೆಲಸಕ್ಕೆ ಇಳಿದು ಬೆಲ್ಟ್ ಎಳೆದಾಗ ಮಾತ್ರ ಬ್ರಾಕೆಟ್ ಮಣಿದು ಓರೆ ಹುಟ್ಟುತ್ತದೆ. ಆಗ ಸ್ಥಾನವನ್ನು ಮಾಡುತ್ತಿರುವುದೇ ಪರಸ್ಪರ ಎಳೆತ. ಅದನ್ನು ಬಿಟ್ಟು ಸ್ಥಾನವನ್ನು ಮೊದಲೇ ಹೇಳಿಬಿಡುತ್ತೇನೆ ಎನ್ನುವವನು ನಿಂತ ಗಾಡಿಯ ಬಗ್ಗೆ ಮಾತಾಡುತ್ತಿದ್ದಾನೆ.

ಧರ್ಮದ ಪ್ರಶ್ನೆ ಏಳುವುದು ಮೂರನೆಯ ಆಕ್ಷೇಪದಲ್ಲಿ. ದೋಷ ಯಾರಲ್ಲೂ ಇಲ್ಲ, ನಡುವೆ ಇದೆ ಎಂದುಬಿಟ್ಟರೆ ಹೊಣೆ ಯಾರದು? ಅಂಗಡಿಯವನೂ ಮಿಸ್ತ್ರಿಯೂ ಕೈ ತೊಳೆದುಕೊಂಡು ಹೋಗಬಹುದಲ್ಲ? ಮಾಡಿದವನಿಗೇ ಫಲ ಎನ್ನುವ ಕರ್ಮಸಿದ್ಧಾಂತವೂ ಇದರಿಂದ ಸಡಿಲಾಗುವುದಿಲ್ಲವೇ? ನನಗೆ ಕಾಣುವುದು ತದ್ವಿರುದ್ಧ. ದೋಷ ವಸ್ತುವಿನಲ್ಲಿದ್ದರೆ ಎಲ್ಲರೂ ವಸ್ತುವನ್ನು ತೋರಿಸಿ ಪಾರಾಗಬಹುದು. ಅದು ಜೋಡಣೆಯಲ್ಲಿದ್ದರೆ ಕೂಡಿಸಿದ ಕೈಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಎಲ್ಲ ಮಾಡೆಲ್ಲಿಗೂ ಹೊಂದುತ್ತದೆ ಎಂದು ಹೇಳಿ ಮಾರಿದವನು ಮಾರಿದ್ದು ಬರೀ ಲೋಹವನ್ನಲ್ಲ, ಹೊಂದುತ್ತದೆ ಎಂಬ ಮಾತನ್ನೂ ಮಾರಿದ್ದಾನೆ. ಆ ಮಾತಿಗೆ ಅವನೇ ಹೊಣೆ. ಪಟ್ಟಿ ಇಟ್ಟು ನೋಡದೆ ಬೋಲ್ಟು ಬಿಗಿದವನು ಆ ಬಿಗಿತಕ್ಕೆ ಹೊಣೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಯಾರಕ, ಮಾರಾಟಗಾರ, ಸೇವೆ ಕೊಟ್ಟವನು ಮೂವರ ಹೊಣೆಯನ್ನೂ ಬೇರೆಬೇರೆಯಾಗಿ ಹೇಳುತ್ತದೆ, ಸಾಕಷ್ಟು ಸೂಚನೆ ಕೊಡದಿರುವುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕರ್ಮದ ವಿಷಯಕ್ಕೆ ಬಂದರೆ, ಬೀಜವೊಂದರಿಂದಲೇ ಮೊಳಕೆ ಬರುವುದಿಲ್ಲ, ಮಣ್ಣು ನೀರು ಬೇಕು ಎಂದು ಸಹಕಾರಿ ಕಾರಣಗಳನ್ನು ಒಪ್ಪಿದವರೇ ನಮ್ಮ ಶಾಸ್ತ್ರಕಾರರು. ಅದನ್ನು ಒಬ್ಬನ ಹಣೆಯ ಮೇಲಿನ ಒಂಟಿ ಬರಹವಾಗಿ ಕುಗ್ಗಿಸಿದವರು ನಾವು.

ಕುಗ್ಗಿಸಿದ್ದರ ಬೆಲೆ ತೆರುವವರು ಸಾಮಾನ್ಯವಾಗಿ ಹೊಸದಾಗಿ ಬಂದವರು ಮತ್ತು ಮೆತ್ತಗಿನವರು. ಸೊಸೆ ಮನೆಗೆ ಬಂದ ವರ್ಷ ಹತ್ತಿ ಕೈಕೊಟ್ಟರೆ, ಎತ್ತು ಸತ್ತರೆ, ಮಾವ ಹಾಸಿಗೆ ಹಿಡಿದರೆ ಅವಳ ಕಾಲ್ಗುಣ ಎನ್ನುತ್ತಾರೆ. ಇರುವ ಸಾಕ್ಷಿ ಒಂದೇ, ಅವಳು ಬಂದ ಮೇಲೆ ಆಯಿತು ಎಂಬುದು. ಕಿಟ್ ಹಾಕಿದ ಮೇಲೆ ಸದ್ದು ಬಂತು, ಆದ್ದರಿಂದ ಕಿಟ್ಟಿನದೇ ತಪ್ಪು ಎನ್ನುವವನಾದರೂ ಪಟ್ಟಿ ತಂದು ನೋಡಿಯಾನು, ಸೊಸೆಯ ವಿಷಯದಲ್ಲಿ ಅಷ್ಟೂ ಮಾಡುವವರಿಲ್ಲ. ಮನೆಯ ಹಳೆಯ ಸಾಲು ಎಷ್ಟು ಓರೆಯಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಮನೆಯಾಚೆಯೂ ಇದೇ ಕಥೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದ ಕೊನೆಯ ಜಿಲ್ಲೆಯಾಯಿತು. ಮಕ್ಕಳು ದಡ್ಡರು ಅಥವಾ ಮೇಷ್ಟ್ರುಗಳು ಸೋಮಾರಿಗಳು ಎನ್ನುವುದು ಸುಲಭ. ಗುಳೆ ಹೋಗುವ ಮನೆಯ ಕ್ಯಾಲೆಂಡರಿಗೂ ಶಾಲೆಯ ಕ್ಯಾಲೆಂಡರಿಗೂ ಹೊಂದಿಕೆ ಇದೆಯೇ ಎಂದು ನೋಡುವುದು ಕಷ್ಟ, ಏಕೆಂದರೆ ಆಗ ಬೈಯಲು ಯಾರೂ ಸಿಗುವುದಿಲ್ಲ, ಸರಿಪಡಿಸಲು ಕೆಲಸ ಸಿಗುತ್ತದೆ. ಕಾಲ್ಗುಣ ಎಂಬ ಮಾತನ್ನು ಮನೆಯಲ್ಲಿ ಯಾರೇ ಆಡಿದರೂ, ಹಿರಿಯರೇ ಆಗಿರಲಿ, ಅದು ಧರ್ಮದ ಮಾತಲ್ಲ ಎಂದು ಅವರ ಎದುರಿಗೇ ಹೇಳಿ.