ನುಡಿಯ ತಪ್ಪೇ, ನಡೆಯ ತಪ್ಪೇ?

ಇಂಗ್ಲಿಷಿನಲ್ಲಿ ‘ಏಂಟ್’ ಎಂಬ ಪುಟ್ಟ ನಿಷೇಧಪದವೊಂದಿದೆ. ಎರಡು ಪದಗಳು ಬೆಸೆದು ಕಿರಿದಾದ ಈ ರೂಪ ‘ಅಲ್ಲ’, ‘ಇಲ್ಲ’ ಎಂಬ ಎರಡೂ ಅರ್ಥಗಳನ್ನು ಕೊಡುತ್ತದೆ. ಚಲನಚಿತ್ರಗಳಲ್ಲಿಯೋ ಹಾಡುಗಳಲ್ಲಿಯೋ ಇದನ್ನು ಕೇಳಿದ ನಮ್ಮ ಮಕ್ಕಳು ಶಾಲೆಯ ಪ್ರಬಂಧದಲ್ಲಿ ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ನಾಡುಗಳಲ್ಲಿ ಈ ಪದವನ್ನು ಆಡಿದವನನ್ನು ಅವಿದ್ಯಾವಂತನೆಂದು ಎಣಿಸುವವರು ಇಂದಿಗೂ ಇದ್ದಾರೆ. ಒಂದು ಪದವನ್ನು ಬಳಸಿದ ಮಾತ್ರಕ್ಕೆ ಒಬ್ಬ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯವೇ?

ಈ ಪದದ ಚರಿತ್ರೆಯೇ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಇಂಗ್ಲಿಷ್ ನಾಟಕಗಳಲ್ಲಿ ಇದರ ಹಳೆಯ ರೂಪ ಕಾಣಸಿಗುತ್ತದೆ. ಮುಂದೆ ಕುಲೀನರೂ ಇದನ್ನು ಸಂಕೋಚವಿಲ್ಲದೆ ಬಳಸುತ್ತಿದ್ದರು. 1711ರಲ್ಲಿ ಜೋಸೆಫ್ ಅಡಿಸನ್ ಅವರು ತಮ್ಮ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ‘ಕಾಂಟ್’, ‘ವೋಂಟ್’ ಮೊದಲಾದ ಸಂಕ್ಷಿಪ್ತ ರೂಪಗಳು ಭಾಷೆಯ ಇಂಪನ್ನು ಕೆಡಿಸಿವೆ ಎಂದು ದೂರಿದರು. ಅವರು ದೂರಿದ ಆ ಪದಗಳು ಇಂದು ಪಠ್ಯಪುಸ್ತಕಗಳಲ್ಲಿವೆ. ‘ಏಂಟ್’ ಮಾತ್ರ ಹೊರಗುಳಿಯಿತು. ‘ನಾನು’ ಎಂಬ ಏಕವಚನಕ್ಕೆ ಹೊಂದದ ಕ್ರಿಯಾಪದವನ್ನು ಜೋಡಿಸಿ ‘ಆರಂಟ್ ಐ’ ಎನ್ನುವುದು ಶಿಷ್ಟವೆನಿಸಿತು. ವಿದ್ಯಾವಂತರಲ್ಲಿ ಅನೇಕರು ಮಾತಿನಲ್ಲಿ ‘ಏಂಟ್’ ಬಳಸುತ್ತಾರೆಂದು 1961ರಲ್ಲಿ ವೆಬ್‌ಸ್ಟರ್ ನಿಘಂಟು ದಾಖಲಿಸಿದಾಗ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ವ್ಯಾಕರಣಕ್ಕಿಂತ ಮಿಗಿಲಾಗಿ, ಆಡುವವರ ಅಂತಸ್ತೇ ಇಲ್ಲಿ ತೀರ್ಪು ಬರೆದಂತಿದೆ.

ಗುಲಾಮಗಿರಿಯಿಂದ ಬಿಡುಗಡೆ ಪಡೆದು ಬೋಧಕಿಯಾದ ಸೊಜರ್ನರ್ ಟ್ರೂತ್ ಎಂಬ ಕಪ್ಪು ಮಹಿಳೆ 1851ರಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಮಹಿಳೆಯರ ಹಕ್ಕುಗಳ ಕುರಿತು ಭಾಷಣ ಮಾಡಿದರು. ತಾನೂ ಹೆಣ್ಣಲ್ಲವೇ ಎಂದು ‘ಏಂಟ್’ ಪದದಿಂದಲೇ ಅವರು ಮತ್ತೆ ಮತ್ತೆ ಕೇಳಿದರೆಂಬುದು ಲೋಕಪ್ರಸಿದ್ಧ. ಆದರೆ ಅದೇ ವರ್ಷ ಅಚ್ಚಾದ ವರದಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಹನ್ನೆರಡು ವರ್ಷಗಳ ಬಳಿಕ, 1863ರಲ್ಲಿ, ಅವರ ಅಭಿಮಾನಿ ಲೇಖಕಿಯೊಬ್ಬರು ಭಾಷಣವನ್ನು ದಕ್ಷಿಣದ ಗುಲಾಮರ ಆಡುನುಡಿಯ ಧಾಟಿಯಲ್ಲಿ ಪ್ರಕಟಿಸಿದರು. ಟ್ರೂತ್ ಹುಟ್ಟಿದ್ದು ಉತ್ತರದ ನ್ಯೂಯಾರ್ಕ್ ರಾಜ್ಯದಲ್ಲಿ; ಅವರ ಬಾಲ್ಯದ ಭಾಷೆ ಡಚ್. ಒಬ್ಬರ ಬಡತನ ಇಂಥ ನುಡಿಯಲ್ಲೇ ಕೇಳಿಸಬೇಕೆಂಬ ನಿರೀಕ್ಷೆ ಪ್ರೀತಿಸುವವರನ್ನೂ ಬಿಡುವುದಿಲ್ಲ.

ನಾವು ಇದಕ್ಕೆ ಹೊರತೇ? ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಜೋರ್ಡನ್ ನದಿಯ ಹಾಯ್ಗಡದ ಭೀಕರ ಪ್ರಸಂಗವಿದೆ. ‘ಶಿಬ್ಬೋಲೆತ್’ ಎನ್ನಲು ಬಾರದೆ ‘ಸಿಬ್ಬೋಲೆತ್’ ಎಂದವರನ್ನು ಎಫ್ರಯಿಮ್ ಕುಲದವರೆಂದು ಗುರುತಿಸಿ ಕೊಲ್ಲಲಾಯಿತು. ಆ ಕಲಹದಲ್ಲಿ ಮಡಿದವರು 42,000 ಮಂದಿ. ನಮ್ಮ ದೇವಾಲಯಗಳಲ್ಲಿ ಬಲಿಪೂಜೆಯ ವಾಚನವನ್ನು ಓದಲು ನಿಂತ ಹಳ್ಳಿಯ ಯುವಕನೊಬ್ಬ ‘ಶಾಂತಿ’ಯನ್ನು ‘ಸಾಂತಿ’ ಎಂದಾಗ ಪೀಠಗಳ ಸಾಲಿನಲ್ಲಿ ನಗೆ ಹರಿದರೆ, ಅದೇ ‘ಶ’ಕಾರದ ಗಡಿಯಲ್ಲಿ ನಾವೂ ಕಾವಲು ನಿಂತಂತೆ. ನಾವು ಕತ್ತಿ ಹಿಡಿದಿಲ್ಲ ನಿಜ. ಆದರೆ ಆ ಯುವಕ ಮತ್ತೊಮ್ಮೆ ಓದಲು ಮುಂದೆ ಬರಲಾರ.

ಹಾಗಾದರೆ ಶುದ್ಧ ಭಾಷೆಯನ್ನು ಕಲಿಸಬಾರದೇ? ಖಂಡಿತ ಕಲಿಸಬೇಕು. ಕಲಿತ ಭಾಷೆ ಬಡವನ ಮಗುವಿಗೆ ಮುಚ್ಚಿದ ಬಾಗಿಲುಗಳನ್ನು ತೆರೆಯುತ್ತದೆ. ಅದನ್ನು ಕಲಿಸದಿರುವುದೂ ಅನ್ಯಾಯವೇ. ಆದರೆ ಏಕಾಂತದಲ್ಲಿ ಪ್ರೀತಿಯಿಂದ ತಿದ್ದುವುದು ಬೇರೆ, ಎಲ್ಲರೆದುರು ನಕ್ಕು ಮನೆಮಾತಿನ ಬಗ್ಗೆಯೇ ನಾಚುವಂತೆ ಮಾಡುವುದು ಬೇರೆ.

ಪ್ರಧಾನ ಯಾಜಕನ ಅಂಗಳದಲ್ಲಿ ನಿಂತಿದ್ದ ಪೇತ್ರನನ್ನು ನೆನೆಯೋಣ. ಅವನ ಗಲಿಲೇಯದ ಉಚ್ಚಾರಣೆಯೇ ಅವನನ್ನು ತೋರಿಸಿಕೊಟ್ಟಿತೆಂದು ಸಂತ ಮತ್ತಾಯರು ಬರೆಯುತ್ತಾರೆ. ಆ ರಾತ್ರಿ ಯೇಸುವನ್ನು ಅರಿಯೆನೆಂದ ಅವನ ಮಾತು ಸುಳ್ಳಾಗಿತ್ತು. ಜನರು ಹೀಗಳೆಯುತ್ತಿದ್ದ ಅವನ ಉಚ್ಚಾರಣೆಯೊಂದೇ ಸತ್ಯವನ್ನು ನುಡಿಯುತ್ತಿತ್ತು. ಅವನು ಅತ್ತದ್ದು ಉಚ್ಚಾರಣೆಗಾಗಿ ಅಲ್ಲ, ತನ್ನ ನಿರಾಕರಣೆಗಾಗಿ. ‘ಹೌದು’, ‘ಅಲ್ಲ’ ಎಂಬ ಮಾತುಗಳು ಪ್ರಾಮಾಣಿಕವಾಗಿರಬೇಕೆಂದು ಪ್ರಭು ಬೋಧಿಸಿದಾಗ ಅವುಗಳ ರೂಪವನ್ನು ಅವರು ವಿಧಿಸಲಿಲ್ಲ.

ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಮಾತನಾಡಿಸಿದ್ದೂ ಆ ಗಲಿಲೇಯದವರನ್ನೇ. ಮುಂದೆ ನ್ಯಾಯಸಭೆಯವರು ಪೇತ್ರ ಯೊವಾನ್ನರನ್ನು ಓದುಬರಹವಿಲ್ಲದ ಸಾಮಾನ್ಯರೆಂದು ಕಂಡರೂ ಅವರ ಧೈರ್ಯಕ್ಕೆ ಬೆರಗಾದರು. ಮುಂದಿನ ಭಾನುವಾರ ಯಾರಾದರೂ ‘ಸಾಂತಿ’ ಎಂದು ಓದಿದಾಗ, ನಗುವ ಮೊದಲು ಆ ಶಾಂತಿಯನ್ನು ನಾವು ಸ್ವೀಕರಿಸೋಣ.