ಪರರ ಗಂಟು

ನನ್ನ ಮೇಜಿನ ಮೇಲಿರುವ ಕಂಪ್ಯೂಟರು ಇಂದಿಗೂ ಗುಂಡಿ ಒತ್ತಿದೊಡನೆ ಏಳುತ್ತದೆ. ಹೇಳಿದ ಕೆಲಸ ಮಾಡುತ್ತದೆ. ಆದರೆ ಅದರೊಳಗಿನ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ನೆರವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ, ಅದು ಕೇಳುವ ಭದ್ರತೆಯ ಭಾಗ ಈ ಹಳೆಯ ಯಂತ್ರದಲ್ಲಿಲ್ಲ. ಹೊಸದನ್ನೇ ಕೊಳ್ಳಬೇಕು. ನೊಗ ಬದಲಾಯಿತೆಂದು ದುಡಿಯುವ ಎತ್ತನ್ನು ಹೊರಗಟ್ಟುವುದು ನ್ಯಾಯವೆ? ತಿಂಗಳುಗಟ್ಟಲೆ ನಾನು ಹೀಗೆ ವಾದಿಸಿದೆ. ಕೇಳಲು ಮಗಳೊಬ್ಬಳೇ ಇದ್ದಳು.

"ಅಪ್ಪಾ, ಬಾಗಿಲಾ ನಿಂದು, ಖರೆ. ಒಳಗಿಟ್ಟ ಗಂಟು ಯಾರದು?" ಎಂದಳು.

ಈ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ. ಅದರಲ್ಲಿ ವಿದ್ಯಾರ್ಥಿಗಳ ಅಂಕಗಳಿವೆ, ವಿಳಾಸಗಳಿವೆ. ಕಾವಲಿಲ್ಲದ ಯಂತ್ರವನ್ನು ಅಂತರಜಾಲಕ್ಕೆ ತೆರೆದಿಟ್ಟರೆ ಕೆಡುವುದು ನನ್ನದೊಂದೇ ಅಲ್ಲ. ಅದಕ್ಕೂ ಮಿಗಿಲಾಗಿ, ಮಹಾಕೂಟದ ಹತ್ತಿರದ ಆಯಿಯೊಬ್ಬಳು ಹತ್ತು ವರ್ಷದ ಹಿಂದೆ ಹಾಡಿದ ಬೀಸುವ ಪದಗಳಿವೆ. ಬರೆದುಕೊಂಡ ಹಾಳೆಗಳನ್ನು ಗೆದ್ದಲು ತಿಂದಿತು. ಆಯಿ ಈಗಿಲ್ಲ.

ಪದಗಳನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದೆ. ಆ ಏರ್ಪಾಡಿನಲ್ಲಿ ಯಂತ್ರದ ಮಟ್ಟಿಗೆ ಕನ್ನಡವೆಂಬುದೇ ಇಲ್ಲ. ಇಂಗ್ಲಿಷಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸಿದ್ದಷ್ಟೆ. ಹೊದಿಕೆಯಿಲ್ಲದೆಡೆ ತೆರೆದರೆ ಅರ್ಥವಿಲ್ಲದ ಗೀಟುಗಳು. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ ನಾನು ಆ ಕಡೆ ಹೊರಳಿ ನೋಡಿರಲಿಲ್ಲ. ಹಳೆಯದನ್ನು ಮುಟ್ಟದಿರುವುದೇ ಅದನ್ನು ಕಾಯುವ ಬಗೆಯೆಂದು ನಂಬಿದ್ದೆ.

ಅದೇ ವಾರ ಬೀಗರೊಡನೆ ಮಹಾಕೂಟಕ್ಕೆ ಹೋದೆ. ಅವರು ಪುಷ್ಕರಿಣಿಯಲ್ಲಿ ಮೀಯುತ್ತಿದ್ದಾಗ ನಾನು ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ವಿನಾಪೋಟಿಯ ಶಾಸನದೆದುರು ನಿಂತಿದ್ದೆ. ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ಆಕೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟ ಸಂಗತಿ ಕನ್ನಡದಲ್ಲೇ ಇದೆ. ಕಲ್ಲು ಹದಿಮೂರು ಶತಮಾನ ಕದಲಿಲ್ಲ. ಆದರೂ ಕನ್ನಡ ಎಂ.ಎ. ಆದ ನಾನು ಆ ಅಕ್ಷರಗಳ ಮುಂದೆ ತಡವರಿಸಿದೆ! ತರಗತಿಯಲ್ಲಿ ನಾನು ಪಾಠ ಹೇಳುವುದು ಇಂದಿನ ಲಿಪಿಯಲ್ಲಿ ಅಚ್ಚಾದುದನ್ನು. 19ನೆಯ ಶತಮಾನದಲ್ಲಿ ಫ್ಲೀಟ್ ಅದನ್ನು ಓದಿ ಪ್ರಕಟಿಸಿದರು. ಆಮೇಲೆ ನಮ್ಮವರು ಇಂದಿನ ಲಿಪಿಗೆ ತಂದರು. ಯಾರೋ ಕಣ್ಣು ನೋಯಿಸಿಕೊಂಡು ಒಂದೊಂದೇ ಅಕ್ಷರವನ್ನು ಈ ದಡಕ್ಕೆ ದಾಟಿಸದೆ ಇದ್ದಿದ್ದರೆ ಕಲ್ಲು ಇರುತ್ತಿತ್ತು, ವಿನಾಪೋಟಿ ಇರುತ್ತಿರಲಿಲ್ಲ. ನಾನು ನಿಷ್ಠೆಯೆಂದು ಹೆಸರಿಟ್ಟುಕೊಂಡದ್ದರಲ್ಲಿ ಸೋಮಾರಿತನ ಎಷ್ಟಿತ್ತೆಂದು ಲೆಕ್ಕ ಹಾಕುತ್ತ ಬಸ್ಸು ಹತ್ತಿದೆ.

ಹೊಸ ಯಂತ್ರ ಬಂತು. ಹಳೆಯದನ್ನು ಜಾಲದಿಂದ ಬಿಡಿಸಿ ಮೂಲೆಯಲ್ಲಿಟ್ಟಿದ್ದೇನೆ. ಎತ್ತು ಕೊಟ್ಟಿಗೆಯಲ್ಲೇ ಇದೆ. ಪದಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಿ ಬಂದವು. ರಾತ್ರಿಗೆ ಎರಡು ಪದದಂತೆ ತಿದ್ದುತ್ತಿದ್ದೇನೆ. ಹನ್ನೊಂದನೆಯ ಪದದಲ್ಲಿ ಒಂದು ಮಾತು ಅರ್ಥವಾಗಲಿಲ್ಲ. ಪರಿವರ್ತನೆಯಲ್ಲೇ ಕೆಟ್ಟಿರಬೇಕೆಂದು ಹಳೆಯದನ್ನು ತೆರೆದು ನೋಡಿದರೆ ಅಲ್ಲೂ ಹಾಗೆಯೇ ಇದೆ. ಅಂದು ನಾನೇ ತಪ್ಪು ಕೇಳಿಸಿಕೊಂಡಿದ್ದೆ. ಆಯಿಯ ಸೊಸೆ ಊರಲ್ಲೇ ಇದ್ದಾಳಂತೆ. ಬರುವ ರವಿವಾರ ಹೋಗಿ ಕೇಳಬೇಕು.